ಕೈಗೆ ಎಟುಕದ ಜಾಗ: ಬೆನ್ನಿನ ಗಾವ್‌ಹ್ವಾಂಗ್ ಬಿಂದುವನ್ನು ಹುಡುಕುವ, ಒತ್ತುವ, ಶಾಖ ಕೊಡುವ ಬಗೆ

ಬಲಗೈಯನ್ನು ಹೆಗಲ ಮೇಲಿಂದ ಬೆನ್ನಿಗೆ ಹಾಕಿ ನೋಡಿ. ಆಮೇಲೆ ಕೆಳಗಿನಿಂದ ಹಾಕಿ ನೋಡಿ. ಎರಡು ಕಡೆಯಿಂದ ಹೋದರೂ ಬೆರಳು ಒಂದು ಜಾಗದ ಹತ್ತಿರ ಹೋಗಿ ನಿಂತುಬಿಡುತ್ತದೆ. ಬೆನ್ನುಮೂಳೆಗೂ ಹೆಗಲ ಮೂಳೆಗೂ ನಡುವಿನ ಜಾಗ ಅದು. ತುರಿಕೆ ಬಂದರೆ ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಳ್ಳುತ್ತೇವಲ್ಲ, ಅಲ್ಲೇ.

ಚೀನಾದ ವೈದ್ಯರು ಆ ಜಾಗದಲ್ಲಿರುವ ಒಂದು ಅಕ್ಯುಪಂಕ್ಚರ್ (ಸೂಜಿ ಚಿಕಿತ್ಸೆ) ಬಿಂದುವನ್ನು ಗಾವ್‌ಹ್ವಾಂಗ್ ಅಂತ ಕರೆಯುತ್ತಾರೆ. ಬಹಳ ದಿನದಿಂದ ಕಾಡುವ ನಿಶ್ಶಕ್ತಿಗೆ, ಕಾಯಿಲೆ ವಾಸಿಯಾದ ಮೇಲೂ ಏಳಲಾಗದ ಸುಸ್ತಿಗೆ ಅವರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಬಳಸುತ್ತಾ ಬಂದ ಬಿಂದು ಇದು. ಈಗಿನ ಚಾರ್ಟುಗಳಲ್ಲಿ ಇದರ ಹೆಸರು ಬಿಎಲ್ 43 (ಬಿಎಲ್ ಅಂದರೆ ಬ್ಲ್ಯಾಡರ್, ಮೂತ್ರಕೋಶದ ಹೆಸರಿನ ಬಿಂದುಗಳ ಸಾಲು). ಹಳೆಯ ಕೆಲವು ಪುಸ್ತಕಗಳಲ್ಲಿ ಬಿಎಲ್ 38 ಅಂತಿರುತ್ತದೆ. ಎರಡೂ ಒಂದೇ, ಎಣಿಸಿದ ಕ್ರಮ ಮಾತ್ರ ಬೇರೆ.

ನಾನು ಇದನ್ನು ಒತ್ತಲು ಕಲಿತದ್ದು ಚಿಕ್ಕಮ್ಮನ ಬೆನ್ನಿನ ಮೇಲೆ. ಜಗಲಿಯಲ್ಲಿ ಕುರ್ಚಿಯನ್ನು ಹಿಂದುಮುಂದಾಗಿ ಹಾಕಿ ಅವರನ್ನು ಕೂರಿಸಿದ್ದೆ. ಹತ್ತು ನಿಮಿಷ ತಡಕಾಡಿದ್ದೇ ಆಯಿತು. "ಅಲ್ಲಲ್ಲ ಕಣೇ, ಇನ್ನೂ ಮೇಲೆ... ಅಯ್ಯೋ ಅಷ್ಟಲ್ಲ... ಹಾ! ಅಲ್ಲೇ. ಬಿಡಬೇಡ." ಅವರು ಉಸಿರು ಬಿಟ್ಟ ರೀತಿಯಲ್ಲೇ ಗೊತ್ತಾಯಿತು, ಸಿಕ್ಕಿತು ಅಂತ. ಆ ಹತ್ತು ನಿಮಿಷದ ತಡಕಾಟ ನಿಮಗೆ ತಪ್ಪಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಈ ಬಿಂದುವಿಗೆ ಬೆರಳು ಮತ್ತು ಶಾಖ, ಇವೆರಡೇ. ಸೂಜಿ ಬೇಡ. ಯಾಕೆ ಅಂತ ಮುಂದೆ ವಿವರವಾಗಿ ಹೇಳುತ್ತೇನೆ.

ಎರಡು ಹುಡುಗರ ಕನಸು

ಕ್ರಿ.ಪೂ. 581ರ ಕತೆ. ಚೀನಾದ ಜಿನ್ ರಾಜ್ಯದ ದೊರೆ ಜಿಂಗ್ ಹಾಸಿಗೆ ಹಿಡಿದಿದ್ದ. ಪಕ್ಕದ ಚಿನ್ ರಾಜ್ಯದಿಂದ ಹ್ವಾನ್ ಎಂಬ ವೈದ್ಯನಿಗೆ ಕರೆ ಹೋಯಿತು. ವೈದ್ಯ ಬರುವ ಮೊದಲೇ ದೊರೆಗೊಂದು ಕನಸು ಬಿತ್ತು. ಕನಸಿನಲ್ಲಿ ಅವನ ಕಾಯಿಲೆ ಎರಡು ಹುಡುಗರ ರೂಪದಲ್ಲಿತ್ತು. "ಬರುತ್ತಿರುವವನು ಒಳ್ಳೆಯ ವೈದ್ಯ, ನಮ್ಮನ್ನು ಬಿಡುವುದಿಲ್ಲ. ಎಲ್ಲಿಗೆ ಓಡೋಣ?" ಅಂತ ಒಬ್ಬ ಕೇಳಿದ. "ಹ್ವಾಂಗ್‌ನ ಮೇಲೆ, ಗಾವ್‌ನ ಕೆಳಗೆ ಅಡಗಿಕೊಳ್ಳೋಣ. ಅವನೇನು ಮಾಡ್ತಾನೆ?" ಅಂದ ಇನ್ನೊಬ್ಬ. ಗಾವ್ ಅಂದರೆ ಹೃದಯದ ಕೆಳಗಿನ ಕೊಬ್ಬು, ಹ್ವಾಂಗ್ ಅಂದರೆ ವಪೆಯ ಹತ್ತಿರದ ಪೊರೆ ಅಂತ ಅರ್ಥ ಹೇಳುತ್ತಾರೆ. ವೈದ್ಯ ಬಂದು ನೋಡಿ ಅದನ್ನೇ ಹೇಳಿದ. ಕಾಯಿಲೆ ಗಾವ್‌ನ ಕೆಳಗೆ, ಹ್ವಾಂಗ್‌ನ ಮೇಲೆ ಸೇರಿಕೊಂಡಿದೆ. ಅಲ್ಲಿಗೆ ಸೂಜಿ ಮುಟ್ಟುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ದೊರೆಗೆ ಸಿಟ್ಟು ಬರಲಿಲ್ಲ. ಒಳ್ಳೆಯ ವೈದ್ಯ ಅಂತ ಮರ್ಯಾದೆ ಮಾಡಿ ಕಳಿಸಿದ.

ಇವತ್ತಿಗೂ ಚೀನೀ ಭಾಷೆಯಲ್ಲಿ ಕೈಮೀರಿದ ಕಾಯಿಲೆಗೆ "ರೋಗ ಗಾವ್‌ಹ್ವಾಂಗ್ ಸೇರಿತು" ಅನ್ನುವ ಗಾದೆಮಾತಿದೆ. ಜಪಾನೀಯರೂ ಅದನ್ನೇ ತೆಗೆದುಕೊಂಡಿದ್ದಾರೆ.

ಸಾವಿರದ ಇನ್ನೂರು ವರ್ಷ ಕಳೆದ ಮೇಲೆ, ಕ್ರಿ.ಶ. 652ರ ಸುಮಾರಿಗೆ, ಸುನ್ ಸಿಮಿಯಾವ್ ಎಂಬ ದೊಡ್ಡ ವೈದ್ಯ ಇದೇ ಕತೆಯನ್ನು ಎತ್ತಿಕೊಂಡ. ಅವನ ವಾದ ನನಗೆ ಬಹಳ ಇಷ್ಟ. ಔಷಧಿ ತಲುಪದ ಜಾಗ ಅಂದರಲ್ಲ, ಅದು ಇದೇ ಬಿಂದು, ಜನಕ್ಕೆ ಹುಡುಕಲು ಬರುವುದಿಲ್ಲ, ಅದಕ್ಕೇ ಹಳೆಯ ಕಾಯಿಲೆಗಳು ಬಿಡುವುದಿಲ್ಲ ಅಂದ. ಈ ಬಿಂದು ವಾಸಿ ಮಾಡದ ರೋಗವೇ ಇಲ್ಲ ಅಂತಲೂ ಬರೆದ. ಅದು ಜಾಸ್ತಿಯಾಯಿತು, ಬಿಡಿ. ಆದರೆ ಹುಡುಕುವ ಬಗೆಯನ್ನು ಅವನು ಬರೆದಿಟ್ಟದ್ದು ಮಾತ್ರ ಚಿನ್ನದಂಥದ್ದು. ಬೆನ್ನು ಬಾಗಿಸಿ ಕೂರಿಸಿ, ತೋಳುಗಳನ್ನು ನೇರವಾಗಿ ಮುಂದಕ್ಕೆ ಚಾಚಿ ಕೈಗಳನ್ನು ಮಂಡಿಯ ಹತ್ತಿರ ಇಡಿಸಬೇಕು, ಆಮೇಲೆ ತೋಳು ಅಲುಗಾಡಬಾರದು. ಹಾಗೆ ಕೂತಾಗ ಹೆಗಲ ಮೂಳೆ ಪಕ್ಕಕ್ಕೆ ಸರಿಯುತ್ತದೆ, ಮರೆಯಲ್ಲಿದ್ದ ಬಿಂದು ತೆರೆದುಕೊಳ್ಳುತ್ತದೆ. ಇಡೀ ಗುಟ್ಟು ಇಷ್ಟೇ.

ಆಮೇಲೆ 1026ರಲ್ಲಿ ಸಾಂಗ್ ರಾಜರ ಕಾಲದ ವಾಂಗ್ ವೇಯಿಯೀ ಎಂಬ ವೈದ್ಯ ಬಿಂದುಗಳ ಅಧಿಕೃತ ಪಟ್ಟಿ ಮಾಡಿದಾಗ ಇದನ್ನೂ ಸೇರಿಸಿಕೊಂಡ. ಪಟ್ಟಿಯ ಜೊತೆಗೆ ಆಳೆತ್ತರದ ಕಂಚಿನ ಬೊಂಬೆಗಳನ್ನೂ ಮಾಡಿಸಿದ, ಮೈತುಂಬ ಬಿಂದುಗಳಿದ್ದ ಬೊಂಬೆಗಳು. ನೂರು ವರ್ಷದ ಮೇಲೆ ಜ್ವಾಂಗ್ ಛ್ವೋ ಎಂಬ ಅಧಿಕಾರಿ ಯುದ್ಧಕ್ಕೆ ಹೆದರಿ ಊರು ಬಿಟ್ಟು ಓಡಿಬಂದ. ದಾರಿಯಲ್ಲಿ ಚಳಿಜ್ವರ ಹತ್ತಿತು. ವೈದ್ಯರು ತಪ್ಪು ಔಷಧಿ ಕೊಟ್ಟು ಇನ್ನೂ ಹದಗೆಡಿಸಿದರು. ಕೊನೆಗೆ ಏಳು ದಿನದಲ್ಲಿ ಈ ಬಿಂದುವಿನ ಮೇಲೆ 300 ಸಲ ಮಾಕ್ಸಾ (ಒಣಗಿದ ಎಲೆಯ ಸಣ್ಣ ಕುಪ್ಪೆ) ಸುಡಿಸಿಕೊಂಡು ಚೇತರಿಸಿಕೊಂಡ. 1128ರಲ್ಲಿ ಈ ಒಂದೇ ಬಿಂದುವನ್ನು ಹುಡುಕುವ ಬಗ್ಗೆ ಚಿತ್ರಗಳ ಸಮೇತ ಒಂದು ಪುಸ್ತಕ ಬರೆದ! ಒಂದು ಬಿಂದುವಿಗೆ ಒಂದು ಪುಸ್ತಕ. ಹುಡುಕುವುದು ಎಷ್ಟು ಕಷ್ಟ ಅಂತ ಇದರಲ್ಲೇ ಗೊತ್ತಾಗುತ್ತದೆ, ಅಲ್ವಾ?

ಬೆನ್ನು ಮುಟ್ಟುವ ಮೊದಲು ರಕ್ತ ಪರೀಕ್ಷೆ

ಇದನ್ನು ಹಾರಿಸಿ ಮುಂದೆ ಹೋಗಬೇಡಿ. ನಮ್ಮ ಚಿಕ್ಕಮ್ಮ ಎರಡು ವರ್ಷ ಸುಸ್ತು ಸುಸ್ತು ಅನ್ನುತ್ತಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನ ಪಾತ್ರೆ ತೊಳೆದು ಗೋಡೆಗೆ ಒರಗಿ ಕೂತರೆ ಮತ್ತೆ ಏಳಲು ಮನಸ್ಸಿಲ್ಲ. ವಯಸ್ಸಾಯಿತು ಅಂದರು, ದೃಷ್ಟಿ ಅಂದರು, ಬೆನ್ನಿಗೆ ಎಣ್ಣೆ ಹಚ್ಚಿದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, ಗಂಡಸರಿಗೆ 13ಕ್ಕಿಂತ ಕಡಿಮೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುತ್ತಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಚಿಕಿತ್ಸೆಯಾಯಿತು, ಕಬ್ಬಿಣದ ಮಾತ್ರೆ ಶುರುವಾಯಿತು. ಮಾತ್ರೆಯ ಜೊತೆಗೆ ಕಾಫಿ ಟೀ ಬೇಡ, ನಿಂಬೆ ಪಾನಕ ಆಗಬಹುದು ಅಂದರು ಡಾಕ್ಟರು. ಆ ಏದುಸಿರು ಹೋದದ್ದು ಮಾತ್ರೆಯಿಂದ, ನನ್ನ ಹೆಬ್ಬೆರಳಿನಿಂದಲ್ಲ.

ಹಾಗಾಗಿ ಒಂದು ತಿಂಗಳಿಗಿಂತ ಜಾಸ್ತಿ ಸುಸ್ತಿದ್ದರೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12 ನೋಡಿಸಿ. ಮಾಂಸ, ಮೊಟ್ಟೆ, ಹಾಲು ಕಡಿಮೆ ತಿನ್ನುವವರಲ್ಲಿ ಬಿ12 ಕೊರತೆ ತುಂಬ ಸಾಮಾನ್ಯ. ನಿದ್ದೆ ಹೇಗಿದೆ, ಮನಸ್ಸು ಕುಗ್ಗಿದೆಯಾ ಅಂತಲೂ ಡಾಕ್ಟರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳಿ.

ಇನ್ನೊಂದು ವಿಷಯ ಈ ಬಿಂದುವಿಗೇ ಅಂಟಿಕೊಂಡಿದೆ. ಹಳೆಯ ಚೀನೀ ವೈದ್ಯರು ಗಾವ್‌ಹ್ವಾಂಗ್ ಬಳಸುತ್ತಿದ್ದದ್ದು ಮೈ ಒಣಗಿ ಕಡ್ಡಿಯಾದವರಿಗೆ, ಬಿಡದ ಕೆಮ್ಮಿಗೆ, ರಾತ್ರಿ ಬೆವರುವವರಿಗೆ. ಇದನ್ನು ಓದಿದ ಯಾವ ಡಾಕ್ಟರಿಗಾದರೂ ಇವತ್ತು ಹೊಳೆಯುವುದು ಕ್ಷಯ. ಆಗ ಅವರ ಹತ್ತಿರ ಅದಕ್ಕೆ ಔಷಧಿ ಇರಲಿಲ್ಲ. ನಮ್ಮ ಹತ್ತಿರ ಇದೆ. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇದ್ದರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ. ಪರೀಕ್ಷೆಯೂ ಪುಕ್ಕಟೆ, ಔಷಧಿಯೂ ಪುಕ್ಕಟೆ. ಅಂಥವರ ಬೆನ್ನು ಒತ್ತುತ್ತಾ ಕೂತು ದಿನ ಕಳೆಯಬಾರದು.

ಪರೀಕ್ಷೆ ಎಲ್ಲ ಸರಿಯಿದೆ, ಅಥವಾ ಚಿಕಿತ್ಸೆ ನಡೆಯುತ್ತಿದೆ, ಆದರೂ ಮೈ ಭಾರ, ಬೆನ್ನು ಬಿಗಿ, ಹೆಗಲು ಕುಸಿದ ಹಾಗೆ ಅನಿಸುತ್ತಿದೆ ಅಂದರೆ ಈಗ ಕುರ್ಚಿ ತನ್ನಿ.

ಕೂರಿಸುವ ಬಗೆ

ಬೆನ್ನಾನಿಕೆ ಇರುವ, ತೋಳಿಲ್ಲದ ಕುರ್ಚಿ ಬೇಕು. ಕೂರುವವರು ಬೆನ್ನಾನಿಕೆಗೆ ಎದೆ ಕೊಟ್ಟು, ಕುದುರೆ ಹತ್ತಿದ ಹಾಗೆ ಕೂರಲಿ. ಎದೆಗೂ ಕುರ್ಚಿಗೂ ನಡುವೆ ಒಂದು ದಿಂಬು. ಸೀರೆ ಉಟ್ಟ ಹಿರಿಯರಿಗೆ ಹಾಗೆ ಕೂರಲು ಮುಜುಗರವಾದರೆ, ಸ್ಟೂಲಿನ ಮೇಲೆ ಕೂರಿಸಿ, ಮುಂದೆ ಊಟದ ಮೇಜಿನ ಮೇಲೆ ಎರಡು ದಿಂಬು ಇಟ್ಟು ಒರಗಿಸಿ. ತೆಳು ಹತ್ತಿ ಬಟ್ಟೆಯ ಮೇಲೂ ಒತ್ತಬಹುದು, ಬೆನ್ನು ಬರಿದಾಗಿರಲೇಬೇಕು ಅಂತಿಲ್ಲ. ಹುಡುಕುವಾಗ ಮಾತ್ರ ಬಟ್ಟೆ ಸರಿಸಿದರೆ ಸುಲಭ.

ಈಗಲೇ ಕೈ ಕಟ್ಟಿಸಬೇಡಿ. ಮೊದಲು ತೋಳುಗಳು ಸಡಿಲವಾಗಿ ಇಳಿಬಿದ್ದಿರಲಿ. ಎಣಿಸುವ ಕೆಲಸ ಆ ಭಂಗಿಯಲ್ಲಿ ಆಗಬೇಕು.

ಎಣಿಸಿ ಹುಡುಕುವುದು

ಲೆಕ್ಕದ ಪ್ರಕಾರ ಬಿಂದು ಎಲ್ಲಿದೆ? ಎದೆಗೂಡಿನ ಹಿಂದಿನ ನಾಲ್ಕನೇ ಮಣಿಯ ಕೆಳ ಅಂಚಿಗೆ ಸಮವಾಗಿ, ಬೆನ್ನಿನ ನಡುಗೆರೆಯಿಂದ 3 ತ್ಸುನ್ ಪಕ್ಕಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 361 ಬಿಂದುಗಳ ಜಾಗ ಗೊತ್ತುಮಾಡಿ ಪ್ರಕಟಿಸಿತು. ಅದರಲ್ಲೂ ಹೀಗೇ ಇದೆ. ಎಡಕ್ಕೊಂದು, ಬಲಕ್ಕೊಂದು, ಒಟ್ಟು ಎರಡು.

ತ್ಸುನ್ ಅಂದರೆ ಇಂಚಲ್ಲ. ಅದು ಅವರವರ ಮೈಯ ಅಳತೆ. ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳನ್ನು ಸೇರಿಸಿ, ನಡುಬೆರಳಿನ ನಡುಗೆಣ್ಣಿನ ಮಟ್ಟದಲ್ಲಿ ಎಷ್ಟು ಅಗಲವೋ ಅದು 3 ತ್ಸುನ್. ಯಾರ ಬೆನ್ನೋ ಅವರ ಬೆರಳು. ನಿಮ್ಮ ದಪ್ಪ ಬೆರಳಿನಿಂದ ಅತ್ತೆಯ ಬೆನ್ನು ಅಳೆದರೆ ಬಿಂದು ಹೆಗಲ ಮೂಳೆಯ ಮೇಲೆ ಹೋಗಿ ಕೂರುತ್ತದೆ. ಒಂದು ನೂಲಿನಲ್ಲಿ ಅವರ ನಾಲ್ಕು ಬೆರಳಿನ ಅಗಲ ಅಳೆದು ಕತ್ತರಿಸಿಕೊಂಡರೆ ಸುಲಭ.

ಮಣಿ ಎಣಿಸುವುದು ಹೀಗೆ. ತಲೆ ಮುಂದಕ್ಕೆ ಬಗ್ಗಿಸಲು ಹೇಳಿ. ಕತ್ತಿನ ಬುಡದಲ್ಲಿ ಒಂದು ಮಣಿ ಉಳಿದವಕ್ಕಿಂತ ಎದ್ದು ಕಾಣುತ್ತದೆ. ಅದು ಕತ್ತಿನ ಕೊನೆಯ ಮಣಿ, ಏಳನೆಯದು. ಕೆಲವರಿಗೆ ಎರಡು ಮಣಿ ಒಂದೇ ಸಮ ಎದ್ದಿರುತ್ತವೆ. ಆಗ ಎರಡರ ಮೇಲೂ ಬೆರಳಿಟ್ಟು ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಲು ಹೇಳಿ. ಬೆರಳ ಕೆಳಗೆ ಅಲುಗುವುದು ಕತ್ತಿನದು. ಅಲುಗದೆ ಕೂತಿರುವುದು ಎದೆಯ ಮೊದಲ ಮಣಿ. ಅಲ್ಲಿಂದ ಒಂದು, ಎರಡು, ಮೂರು, ನಾಲ್ಕು ಅಂತ ಬೆರಳು ಎತ್ತದೆ ಕೆಳಗೆ ಜಾರಿಸಿ. ಪ್ರತಿ ಮಣಿಯ ನಂತರ ಸಣ್ಣದೊಂದು ಹಳ್ಳ ಸಿಗುತ್ತದೆ.

ಲೆಕ್ಕ ತಪ್ಪಿತಾ ಅಂತ ನೋಡಲು ಹೆಗಲ ಮೂಳೆಯೇ ಸಹಾಯಕ್ಕೆ ಬರುತ್ತದೆ. ಆ ಚಪ್ಪಟೆ ಮೂಳೆಯ ಮೇಲೆ ಅಡ್ಡಲಾಗಿ ಒಂದು ಏಣು ಇದೆ. ಅದು ಬೆನ್ನುಮೂಳೆಯ ಕಡೆಗೆ ಬಂದು ಮುಗಿಯುವ ಜಾಗ ಸುಮಾರಾಗಿ ಮೂರನೇ ಮಣಿಯ ಸಮಕ್ಕೆ. ಹೆಗಲ ಮೂಳೆಯ ಕೆಳತುದಿ ಸುಮಾರಾಗಿ ಏಳನೇ ಮಣಿಯ ಸಮಕ್ಕೆ. ಇದಕ್ಕೇ ತೋಳು ಇಳಿಬಿಟ್ಟಿರಲಿ ಅಂದದ್ದು, ಕೈ ಕಟ್ಟಿದರೆ ಈ ಗುರುತುಗಳು ಸರಿದುಹೋಗುತ್ತವೆ. ನೀವು ಎಣಿಸಿದ ನಾಲ್ಕನೆಯದು ಏಣಿನ ಮಟ್ಟಕ್ಕಿಂತ ಒಂದು ಮಣಿ ಕೆಳಗಿದ್ದರೆ ಲೆಕ್ಕ ಸರಿ.

ನಾಲ್ಕನೇ ಮಣಿಯ ಕೆಳಗಿನ ಹಳ್ಳದಲ್ಲಿ ಒಂದು ಸ್ಟಿಕ್ಕರ್ ಬಿಂದಿ ಅಂಟಿಸಿ. ತಮಾಷೆಯಲ್ಲ, ಇದಕ್ಕಿಂತ ಒಳ್ಳೆಯ ಗುರುತು ನನಗೆ ಸಿಕ್ಕಿಲ್ಲ. ಪೆನ್ನಿನ ಗೆರೆ ಬೆವರಿಗೆ ಅಳಿಸುತ್ತದೆ. ಅಲ್ಲಿಂದ ನೂಲು ಇಟ್ಟು ಪಕ್ಕಕ್ಕೆ 3 ತ್ಸುನ್ ಅಳೆಯಿರಿ. ನೂಲಿನ ತುದಿ ಹೆಗಲ ಮೂಳೆಯ ಒಳ ಅಂಚಿಗೆ ಬಂದು ನಿಲ್ಲುತ್ತದೆ.

ಈಗ ಕೈ ಕಟ್ಟಿಸಿ. ಬಲಗೈ ಎಡ ಹೆಗಲ ಮೇಲೆ, ಎಡಗೈ ಬಲ ಹೆಗಲ ಮೇಲೆ, ತನ್ನನ್ನು ತಾನೇ ತಬ್ಬಿಕೊಂಡ ಹಾಗೆ. ಬೆನ್ನು ಸ್ವಲ್ಪ ಗೂನಾಗಲಿ, ಮುಂದಿನ ದಿಂಬಿನ ಮೇಲೆ ಒರಗಲಿ. ನಿಮ್ಮ ಕಣ್ಣೆದುರಿಗೇ ಹೆಗಲ ಮೂಳೆ ಹೊರಗೆ ಜರುಗುವುದು ಕಾಣುತ್ತದೆ, ಕಿಟಕಿಯ ಬಾಗಿಲು ಸರಿದ ಹಾಗೆ. ಚರ್ಮವೂ ಅದರ ಜೊತೆ ಸ್ವಲ್ಪ ಜರುಗುತ್ತದೆ. ಅದಕ್ಕೇ ಪಕ್ಕದ ಬಿಂದುವಿಗೆ ಗುರುತು ಹಾಕುವುದು ಕೈ ಕಟ್ಟಿದ ಮೇಲೆಯೇ. ನೂಲಿನಿಂದ ಇನ್ನೊಮ್ಮೆ ಅಳೆದು, ಆ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ತಡವಿ.

ಎರಡು ಪಕ್ಕೆಲುಬುಗಳ ನಡುವೆ ಒಂದು ತಗ್ಗು ಸಿಗುತ್ತದೆ. ಅದರ ಮೇಲೆ ಬಿಗಿದ ಹಗ್ಗದ ಹಾಗೆ ಒಂದು ಸ್ನಾಯು. ಕಂಪ್ಯೂಟರ್ ಮುಂದೆ ಕೂರುವವರಲ್ಲಿ ಇದು ವೀಣೆಯ ತಂತಿಯಂತೆ ಟಣ್ ಅನ್ನುತ್ತದೆ. ಒತ್ತಿದಾಗ ಹೆಗಲಿಗೋ ಎದೆಯ ಒಳಕ್ಕೋ ಎಳೆದ ಹಾಗಾಗಬೇಕು. ಹಳೆಯ ಪಠ್ಯದಲ್ಲೂ ಇದೇ ಗುರುತು ಹೇಳಿದ್ದಾರೆ, ಒತ್ತಿದರೆ ಸೆಳೆಯಬೇಕು ಅಂತ. ಅಳತೆಗೂ ಈ ನೋವಿಗೂ ಅರ್ಧ ಬೆರಳಿನ ವ್ಯತ್ಯಾಸ ಬಂದರೆ ನಾನು ನೋವನ್ನೇ ನಂಬುತ್ತೇನೆ. ಬಿಂದಿ ಅಂಟಿಸಿ. ಇನ್ನೊಂದು ಬದಿಗೂ ಹಾಗೇ.

ಒತ್ತುವುದು

ಊಟವಾದ ತಕ್ಷಣ ಬೇಡ, ಒಂದೂವರೆ ಗಂಟೆಯಾದರೂ ಬಿಡಿ. ಎಣ್ಣೆಯೂ ಬೇಡ, ಹೆಬ್ಬೆರಳು ಜಾರುತ್ತದೆ. ಎಣ್ಣೆ ಹಚ್ಚುವ ಆಸೆಯಿದ್ದರೆ ಒತ್ತಿದ ಮೇಲೆ ಹಚ್ಚಿ.

ಹಿಂದೆ ನಿಂತು, ಒಂದು ಕಾಲು ಮುಂದೆ ಇಟ್ಟುಕೊಳ್ಳಿ. ಹೆಬ್ಬೆರಳನ್ನು ಬಿಂದುವಿನ ಮೇಲಿಟ್ಟು, ಮೊಣಕೈ ನೇರ ಮಾಡಿ, ನಿಮ್ಮ ಮೈಯ ಭಾರವನ್ನು ನಿಧಾನವಾಗಿ ಬಿಡಿ. ಬೆರಳಿನ ಬಲದಿಂದ ಒತ್ತಿದರೆ ಎರಡೇ ದಿನಕ್ಕೆ ನಿಮ್ಮ ಹೆಬ್ಬೆರಳೇ ನೋಯುತ್ತದೆ. ಅವರು ಉಸಿರು ಬಿಡುವಾಗ ಒತ್ತಡ ಏರಿಸಿ. ಐದು ಎಣಿಸುವಷ್ಟರಲ್ಲಿ ಪೂರ್ತಿ ಒತ್ತಡಕ್ಕೆ ಬನ್ನಿ, ಇಪ್ಪತ್ತರಿಂದ ಮೂವತ್ತು ಎಣಿಸುವವರೆಗೆ ಹಾಗೇ ನಿಲ್ಲಿ, ಮತ್ತೆ ಐದು ಎಣಿಸುತ್ತಾ ಬಿಡಿ. ಒಂದು ಬದಿಗೆ ಐದಾರು ಸಲ ಸಾಕು. ಎರಡೂ ಬದಿ ಸೇರಿ ಏಳೆಂಟು ನಿಮಿಷದ ಕೆಲಸ.

ಎಷ್ಟು ಜೋರಾಗಿ? "ನೋವೂ ಹೌದು, ಹಿತವೂ ಹೌದು" ಅನ್ನುವಷ್ಟು. ಉಸಿರು ಬಿಗಿ ಹಿಡಿದರೆ, ಹೆಗಲು ಕಿವಿಯ ಕಡೆ ಏರಿದರೆ ಜಾಸ್ತಿಯಾಯಿತು ಅಂತಲೇ. ನಮ್ಮ ಕಡೆಯ ಹಿರಿಯರು ನೋವಾದರೂ ಹೇಳುವುದಿಲ್ಲ. "ಪರವಾಗಿಲ್ಲ, ಒತ್ತು" ಅಂತಾರೆ. ಅವರ ಬಾಯಿಯ ಮಾತು ಬೇಡ, ಹೆಗಲು ನೋಡಿ.

ಮೂವತ್ತು ಎಣಿಸುವಾಗ ಹೆಬ್ಬೆರಳ ಕೆಳಗಿನ ಗಂಟು ಮೆತ್ತಗಾಗುವುದು ಗೊತ್ತಾಗುತ್ತದೆ. ಬೆಣ್ಣೆ ಹೊರಗಿಟ್ಟಾಗ ಮೆದುವಾಗುತ್ತದಲ್ಲ, ಹಾಗೆ. ಆದಮೇಲೆ ಅಂಗೈಯಿಂದ ಹೆಗಲ ಮೂಳೆಯ ಒಳ ಅಂಚಿನುದ್ದಕ್ಕೂ ಮೇಲಿಂದ ಕೆಳಕ್ಕೆ ಹತ್ತು ಸಲ ಸವರಿ. ತೋಳು ಬಿಚ್ಚಿಸಿ, ಹೆಗಲನ್ನು ಹಿಂದಕ್ಕೆ ನಾಲ್ಕು ಸಲ ತಿರುಗಿಸಲು ಹೇಳಿ.

ಮೂಳೆ ಸವೆದವರಿಗೆ, ತುಂಬ ಬಡಕಲಾದ ವೃದ್ಧರಿಗೆ ಈ ಒತ್ತುವಿಕೆ ಬೇಡವೇ ಬೇಡ. ಪಕ್ಕೆಲುಬು ಮುರಿಯಲು ದೊಡ್ಡ ಏಟು ಬೇಕಿಲ್ಲ. ಅವರಿಗೆ ಅಂಗೈ ಇಟ್ಟು ಸವರುವುದು, ಶಾಖ, ಅಷ್ಟೇ. ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಮಾಡಿ. ಎಡಗಡೆ ಹೆಗಲ ನಡುವೆ ನೋವಿದ್ದು, ಜೊತೆಗೆ ಎದೆ ಹಿಡಿದ ಹಾಗೆ, ಬೆವರು, ವಾಕರಿಕೆ ಇದ್ದರೆ ಅದು ಬೆನ್ನಿನದ್ದಲ್ಲ, ಹೃದಯದ್ದಿರಬಹುದು. ಬಿಂದು ಹುಡುಕುತ್ತಾ ಕೂರದೆ ಆಸ್ಪತ್ರೆಗೆ ಓಡಿ.

ಒಬ್ಬರೇ ಇದ್ದರೆ

ಬೆಂಗಳೂರಿನ ಪೀಜಿಯಲ್ಲಿ ಒಬ್ಬರೇ ಇರುವವರಿಗೆ ಬೆನ್ನು ಒತ್ತುವವರು ಯಾರು? ಗಲ್ಲಿ ಕ್ರಿಕೆಟ್ಟಿನ ಟೆನ್ನಿಸ್ ಚೆಂಡು ಸಾಕು. ಅದನ್ನು ಉದ್ದನೆಯ ಕಾಲುಚೀಲದೊಳಗೆ ಹಾಕಿ, ಕಾಲುಚೀಲದ ತುದಿ ಕೈಯಲ್ಲಿ ಹಿಡಿದು, ಹೆಗಲ ಮೇಲಿಂದ ಬೆನ್ನಿಗೆ ಇಳಿಬಿಡಿ. ಗೋಡೆಗೆ ಬೆನ್ನು ಕೊಟ್ಟು ಚೆಂಡನ್ನು ನಡುವೆ ಸಿಕ್ಕಿಸಿ. ಇಲ್ಲೂ ಅದೇ ನಿಯಮ. ಎಡ ಬೆನ್ನಿಗೆ ಮಾಡುವಾಗ ಎಡಗೈಯನ್ನು ಎದೆಯ ಮೇಲೆ ಅಡ್ಡ ತಂದು ಬಲ ಹೆಗಲು ಹಿಡಿಯಿರಿ, ಮೂಳೆ ಸರಿಯಲಿ. ಮಂಡಿ ಸ್ವಲ್ಪ ಮಡಚುತ್ತಾ ಚೆಂಡನ್ನು ಅತ್ತಿತ್ತ ಉರುಳಿಸಿ ನೋವಿನ ಜಾಗ ಹುಡುಕಿ, ಅಲ್ಲಿ ಮೂವತ್ತು ಎಣಿಸುವವರೆಗೆ ನಿಲ್ಲಿ. ನೆಲದ ಮೇಲೆ ಮಲಗಿ ಮಾಡಬೇಡಿ. ಪೂರ್ತಿ ಮೈಭಾರ ಒಂದು ಪಕ್ಕೆಲುಬಿನ ಮೇಲೆ ಬೀಳುತ್ತದೆ. ಲೆದರ್ ಚೆಂಡಂತೂ ಬೇಡವೇ ಬೇಡ.

ಶಾಖ, ಮತ್ತು ನಾನು ಮಾಡಿದ ಅವಾಂತರ

ಹಳೆಯ ಚೀನಾದಲ್ಲಿ ಗಾವ್‌ಹ್ವಾಂಗ್ ಅಂದರೆ ಸೂಜಿಗಿಂತ ಜಾಸ್ತಿ ಬೆಂಕಿ. ಮಾಕ್ಸಾ ಅನ್ನುತ್ತಾರೆ. ಒಂದು ಗಿಡದ ಒಣಗಿದ ಎಲೆಯನ್ನು ಕುಟ್ಟಿ, ಹತ್ತಿಯಂತೆ ಮಾಡಿ, ಸಣ್ಣ ಕುಪ್ಪೆಯಿಟ್ಟು ಸುಡುವುದು. ಆ ಗಿಡ ನಮಗೆ ಪೂರ್ತಿ ಅಪರಿಚಿತವಲ್ಲ. ಗಣೇಶನ ಪೂಜೆಯ ಪತ್ರೆಗಳಲ್ಲಿ ಬರುವ ಮಾಚಿಪತ್ರೆ, ಮಾಲೆಗೆ ಕಟ್ಟುವ ದವನ, ಇವೆಲ್ಲ ಅದೇ ಕುಲದ ಗಿಡಗಳು. ಹಾಗಂತ ದವನ ಸುಡಲು ಹೋಗಬೇಡಿ, ಮಾಕ್ಸಾ ಆಗುವ ಗಿಡ ಬೇರೆಯೇ.

ಸುನ್ ಸಿಮಿಯಾವ್ ಹೇಳಿದ್ದು 600ರಿಂದ 1000 ಕುಪ್ಪೆ. ಆಗೆಲ್ಲ ಚರ್ಮದ ಮೇಲೇ ಸುಡುತ್ತಿದ್ದರು, ಕಲೆ ಉಳಿಯುತ್ತಿತ್ತು. ಈಗ ಊದಿನಕಡ್ಡಿಯ ಅಣ್ಣನಂತಿರುವ ದಪ್ಪ ಮಾಕ್ಸಾ ಕಡ್ಡಿ ಸಿಗುತ್ತದೆ. ತುದಿ ಹೊತ್ತಿಸಿ, ಚರ್ಮಕ್ಕೆ ತಾಗಿಸದೆ, ಎರಡು ಮೂರು ಸೆಂಟಿಮೀಟರ್ ದೂರ ಹಿಡಿದು, ಚರ್ಮ ಕೆಂಪಗಾಗುವವರೆಗೆ ಹತ್ತು ಹದಿನೈದು ನಿಮಿಷ ಬಿಸಿ ಕೊಡುತ್ತಾರೆ.

ನಾನೂ ಒಂದು ಡಬ್ಬ ತರಿಸಿದ್ದೆ. ಚಿಕ್ಕಮ್ಮನ ಬೆನ್ನಿನ ಹತ್ತಿರ ಹಿಡಿದು ಕೂತಿದ್ದೆ. ಫೋನ್ ಬಂತು. ಒಂದು ಕ್ಷಣ ಕಣ್ಣು ಅತ್ತ ಹೋಯಿತು, ಬೂದಿ ಉದುರಿತು. ಹುಣಸೆ ಬೀಜದಷ್ಟು ಬೊಕ್ಕೆ ಎದ್ದಿತು. ಚಿಕ್ಕಮ್ಮ ಬೈಯಲಿಲ್ಲ, ಚಿಕ್ಕಪ್ಪ ಬೈದರು. ಹೊಗೆಯೂ ಅಷ್ಟೇ, ಬಟ್ಟೆ, ಪರದೆ, ದೇವರ ಮನೆ ಎಲ್ಲಾ ಕಡೆ ಎರಡು ದಿನ ಅದೇ ವಾಸನೆ. ಆಮೇಲೆ ಮನೆಯಲ್ಲಿ ಮಾಕ್ಸಾ ಹಚ್ಚುವುದನ್ನು ಬಿಟ್ಟೆ. ಬೆನ್ನು ಅವರಿಗೆ ಕಾಣುವುದಿಲ್ಲ, ಕೈಯಿಂದ ತಳ್ಳಲೂ ಆಗುವುದಿಲ್ಲ. ಅಂಥ ಜಾಗದಲ್ಲಿ ಬೆಂಕಿ ಯಾಕೆ?

ಅದರ ಬದಲು ನಮ್ಮ ಉಪ್ಪಿನ ಶಾಖವೇ ವಾಸಿ. ಎರಡು ಹಿಡಿ ಕಲ್ಲುಪ್ಪನ್ನು ಬಾಣಲೆಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ದಪ್ಪ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟು ಹತ್ತು ಎಣಿಸಿ. ಹಿತವಾಗಿದ್ದರೆ ಮಾತ್ರ ಅವರ ಬೆನ್ನಿಗೆ. ಒತ್ತಿ ಆದ ಮೇಲೆ, ಕೈ ಕಟ್ಟಿದ ಭಂಗಿಯಲ್ಲೇ, ಬದಿಗೆ ಐದು ನಿಮಿಷ ಮುಟ್ಟಿಸಿ ತೆಗೆಯುತ್ತಾ ಕೊಡಿ. ಬಿಸಿನೀರಿನ ಚೀಲವೂ ಆಗುತ್ತದೆ, ಟವೆಲ್ ಸುತ್ತಿರಬೇಕು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಮಂದವಾದವರಿಗೆ ಬಿಸಿ ಗೊತ್ತಾಗುವುದಿಲ್ಲ, ಅವರಿಗೆ ಶಾಖ ಬೇಡ. ಜ್ವರ ಇದ್ದಾಗಲೂ ಬೇಡ.

ಬೆನ್ನಿಗೆ ಬಿಸಿ ಕೊಟ್ಟ ಮೇಲೆ ಕಾಲಿಗೂ ಎರಡು ನಿಮಿಷ ಕೊಡುವುದು ವಾಡಿಕೆ. ಮೇಲೇರಿದ ಬಿಸಿಯನ್ನು ಕೆಳಗಿಳಿಸಲು ಅಂತ ಕಾರಣ ಹೇಳುತ್ತಾರೆ. ಬಿಂದುವಿನ ಹೆಸರು ಜುಸಾನ್‌ಲಿ. ಮಂಡಿ ಚಿಪ್ಪಿನ ಕೆಳಗೆ ಹೊರಬದಿಯ ಹಳ್ಳದಿಂದ ನಾಲ್ಕು ಬೆರಳು ಕೆಳಗೆ, ಮುಂಗಾಲ ಮೂಳೆಯಿಂದ ಹೆಬ್ಬೆರಳಿನಷ್ಟು ಹೊರಗೆ. ಇದು ಎಲ್ಲರ ಕೈಗೂ ಎಟುಕುತ್ತದೆ, ತಾವೇ ಒತ್ತಿಕೊಳ್ಳಲಿ.

ಸೂಜಿ ಹಾಕಿಸಿಕೊಳ್ಳುವವರಿಗೆ

ನಮ್ಮ ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿಯಾಗಿ ಮಾನ್ಯ ಮಾಡಿದೆ. ಹಾಗಂತ ಬೋರ್ಡು ಹಾಕಿದವರೆಲ್ಲ ಕಲಿತವರಲ್ಲ. ಈ ಬಿಂದುವಿನ ಕೆಳಗೆ ಏನಿದೆ ಗೊತ್ತಾ? ಚರ್ಮ, ತೆಳು ಕೊಬ್ಬು, ಎರಡು ಪದರ ಸ್ನಾಯು, ಪಕ್ಕೆಲುಬಿನ ನಡುವಿನ ತೆಳು ಮಾಂಸ, ಅದಾದ ಮೇಲೆ ನೇರ ಶ್ವಾಸಕೋಶ. ಸಣಕಲು ಮೈಯವರಲ್ಲಿ ಒಂದೆರಡು ಸೆಂಟಿಮೀಟರಿಗೇ ಶ್ವಾಸಕೋಶ ಸಿಕ್ಕಿಬಿಡುತ್ತದೆ. ಈ ಬಿಂದು ಬೇಕಾಗುವುದೇ ಸಣಕಲು ಮೈಯವರಿಗೆ! ಕೈ ಕಟ್ಟಿ ಹೆಗಲ ಮೂಳೆ ಸರಿಸಿದಾಗಂತೂ ಮರೆಯೇ ಇಲ್ಲ. ಅದಕ್ಕೇ ಕಲಿತವರು ಇಲ್ಲಿ ಸೂಜಿಯನ್ನು ನೇರ ಚುಚ್ಚದೆ ಓರೆಯಾಗಿ, ಮೇಲುಮೇಲಕ್ಕೆ ಹಾಕುತ್ತಾರೆ.

ನಾನೊಮ್ಮೆ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗಿದ್ದೆ. ಆತ ಬೆನ್ನಿಗೆ ನೇರವಾಗಿ ಸೂಜಿ ಹಿಡಿದ. "ಓರೆಯಾಗಿ ಹಾಕಲ್ವಾ?" ಅಂದೆ. "ಏನೂ ಆಗಲ್ಲ ಮೇಡಂ, ಸುಮ್ನೆ ಮಲಗಿ" ಅಂದ. ಎದ್ದು ಬಂದೆ. ನೀವೂ ಕೇಳಿ. ಎಲ್ಲಿ ಕಲಿತಿರಿ, ಸೂಜಿ ಹೊಸ ಪ್ಯಾಕೆಟ್ಟಿನದಾ, ಬೆನ್ನಿಗೆ ಯಾವ ಕೋನದಲ್ಲಿ ಹಾಕುತ್ತೀರಿ ಅಂತ. ಕೇಳಿದ್ದಕ್ಕೆ ಸಿಡುಕಿದರೆ ಅದೇ ಉತ್ತರ. ಸೂಜಿ ಮೈಯಲ್ಲಿರುವಾಗ ಎದ್ದು ಕೂರಬೇಡಿ, ತೋಳು ಅಲುಗಿಸಬೇಡಿ. ಮನೆಗೆ ಬಂದ ಮೇಲೆ, ಕೆಲವು ಗಂಟೆ ಕಳೆದ ಮೇಲಾದರೂ ಸರಿ, ಎದೆಯಲ್ಲಿ ಚುಚ್ಚಿದ ನೋವು, ಒಣ ಕೆಮ್ಮು, ಉಸಿರಾಟಕ್ಕೆ ತೊಂದರೆ ಬಂದರೆ ಶ್ವಾಸಕೋಶಕ್ಕೆ ತಾಗಿ ಗಾಳಿ ಸೋರಿರಬಹುದು. ತುರ್ತು ವಿಭಾಗಕ್ಕೆ ಹೋಗಿ, ಬೆನ್ನಿಗೆ ಸೂಜಿ ಹಾಕಿಸಿದ್ದೆ ಅಂತ ಮೊದಲ ಮಾತಿನಲ್ಲೇ ಹೇಳಿ. ನಾಚಿಕೆಗೆ ಮುಚ್ಚಿಟ್ಟರೆ ಡಾಕ್ಟರು ಬೇರೆ ಎಲ್ಲೋ ಹುಡುಕುತ್ತಾರೆ.

ಎಷ್ಟು ದಿನ, ಏನು ಕಾಯಬೇಕು

ವಾರಕ್ಕೆ ನಾಲ್ಕು ದಿನ, ನಾಲ್ಕು ವಾರ. ಸಂಜೆ ಒಳ್ಳೆಯದು, ಆಮೇಲೆ ಓಡಾಟವಿಲ್ಲದ ಹೊತ್ತು. ಸುನ್ ಸಿಮಿಯಾವ್ ಕೂಡ ಮಾಕ್ಸಾ ಆದ ಮೇಲೆ ಮೈಯನ್ನು ಚೆನ್ನಾಗಿ ನೋಡಿಕೊಳ್ಳಬೇಕು ಅಂತ ಸೇರಿಸಿದ್ದಾನೆ. ಒತ್ತಿಸಿಕೊಂಡು ಎದ್ದು ಹೋಗಿ ರೊಟ್ಟಿ ತಟ್ಟಿದರೆ ಏನು ಬಂತು?

ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ರಾತ್ರಿ ಎಷ್ಟು ಸಲ ಎಚ್ಚರವಾಯಿತು, ಮಧ್ಯಾಹ್ನ ಎಷ್ಟು ಹೊತ್ತು ಮಲಗಿದರು, ಬೆನ್ನಿನ ಬಿಗಿ ಹತ್ತಕ್ಕೆ ಎಷ್ಟು. ಮೂರೇ ಅಂಕಿ. ಚಿಕ್ಕಮ್ಮನ ಕ್ಯಾಲೆಂಡರಿನಲ್ಲಿ ಬಿಗಿ ಮೂರನೇ ವಾರಕ್ಕೆ 8ರಿಂದ 4ಕ್ಕೆ ಇಳಿದಿತ್ತು, ರಾತ್ರಿಯ ಎಚ್ಚರ ಒಂದಕ್ಕೆ ಬಂದಿತ್ತು. ಮಧ್ಯಾಹ್ನದ ನಿದ್ದೆ ಮಾತ್ರ ಬದಲಾಗಲಿಲ್ಲ. ಅದು ಸರಿಹೋದದ್ದು ಹಿಮೋಗ್ಲೋಬಿನ್ 11 ದಾಟಿದ ಮೇಲೆ. ಈ ಬಿಂದು ಸುಸ್ತನ್ನೇ ಕಿತ್ತುಹಾಕುತ್ತದೆ ಅನ್ನಲು ದೊಡ್ಡ ಗಟ್ಟಿ ಪುರಾವೆ ಇಲ್ಲ. ಬಿಗಿ ಸಡಿಲಿ, ನಿದ್ದೆ ಬಂದು, ಬೆನ್ನು ನೇರವಾದರೆ ಮೈ ಹಗುರಾಗುತ್ತದೆ. ನಾನು ಕಂಡದ್ದು ಅಷ್ಟು. ನಾಲ್ಕು ವಾರದಲ್ಲಿ ಒಂದು ಅಂಕಿಯೂ ಕದಲದಿದ್ದರೆ ಒತ್ತುವುದನ್ನು ಬಿಟ್ಟು ಇನ್ನೊಮ್ಮೆ ಡಾಕ್ಟರ ಹತ್ತಿರ ಹೋಗಿ, ಕ್ಯಾಲೆಂಡರಿನ ಹಾಳೆಯನ್ನೂ ತೆಗೆದುಕೊಂಡು ಹೋಗಿ.

ಮಾತ್ರೆ ಮುಗಿದು ಈಗ ವರ್ಷವಾಯಿತು. ಆದರೂ ನಾನು ಊರಿಗೆ ಹೋದರೆ ಚಿಕ್ಕಮ್ಮ ಕಾಫಿ ಲೋಟ ಕೊಟ್ಟವರೇ ಜಗಲಿಯ ಕುರ್ಚಿಯನ್ನು ತಾವೇ ತಿರುಗಿಸಿ ಹಾಕಿಕೊಂಡು, ಕೈ ಕಟ್ಟಿ ಕೂತುಬಿಡುತ್ತಾರೆ. "ಬಿಂದಿ ಬೇಡ ಕಣೇ ಈಗ," ಅಂತಾರೆ, "ಎಲ್ಲಿ ಅಂತ ನಾನೇ ಹೇಳ್ತೀನಿ."